ಹದಿಮೂರನೆಯ ಚಾಪೆ

ಹಳದಿ ಕಾಲುಚೀಲದ ಜೊತೆಗಾರ ಸಿಗಲಿಲ್ಲ. ಮಂಚದ ಕೆಳಗೆ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ, ಕೊನೆಗೆ ಫ್ರಿಜ್ಜಿನ ಹಿಂದೆಯೂ ಹುಡುಕಿದ ಅನುಮಾನಪ್ಪ ಮಂಡಿಯ ಧೂಳು ಕೊಡವಿಕೊಂಡು ಎದ್ದು, "ಇದು ಕಳೆದದ್ದಲ್ಲ, ಯಾರೋ ತೆಗೆದದ್ದು," ಎಂದು ತೀರ್ಪು ಕೊಟ್ಟ.

"ಒಂದು ಕಾಲುಚೀಲ ತಗೊಂಡು ಯಾರು ಏನು ಮಾಡ್ತಾರೆ ರೀ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ನನಗೂ ಅದೇ ಅರ್ಥ ಆಗ್ತಿಲ್ಲ. ತಗೊಳ್ಳೋದಾದ್ರೆ ಎರಡೂ ತಗೊಳ್ಳಬೇಕಿತ್ತು. ಒಂದೇ ಯಾಕೆ?"

ಅನುಮಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ವಿಮಾ ಕಂಪನಿಯೊಂದರಲ್ಲಿ ಅವನದು ಅರ್ಜಿಗಳ ತಪಾಸಣೆಯ ಕೆಲಸ. ಯಾರದೋ ಅಂಗಡಿಗೆ ಬೆಂಕಿ ಬಿತ್ತೆಂದರೆ ಬೆಂಕಿ ತಾನಾಗಿ ಬಿತ್ತೋ ಕರೆಸಿಕೊಂಡು ಬಂದಿತೋ ಎಂದು ವೇಷ ಮರೆಸಿಕೊಂಡು ಹೋಗಿ ನೋಡಿಬರಬೇಕು. ಹದಿನಾಲ್ಕು ವರ್ಷ ಹೀಗೆ ನೋಡಿ ನೋಡಿ, ಈಗ ಅವನಿಗೆ ಗಡಿಯಾರ ಸರಿಯಾದ ಸಮಯ ತೋರಿಸಿದರೂ ಅದಕ್ಕೇನೋ ಉದ್ದೇಶವಿದೆ ಎನ್ನಿಸುತ್ತಿತ್ತು.

ಮೂರು ವರ್ಷದ ಪುಟ್ಟಿ ಎರಡೂ ಕಾಲು ಚಾಚಿಕೊಂಡು ಕಾಯುತ್ತಿದ್ದಳು. ಅವನು ಒಂದು ಕಾಲಿಗೆ ಹಳದಿ, ಇನ್ನೊಂದಕ್ಕೆ ನೀಲಿ ಪಟ್ಟೆಯದು ಏರಿಸಿ, ದಿನದ ಪಾಠ ಶುರುಮಾಡಿದ.

"ಪುಟ್ಟಿ, ಹೊರಗಡೆ ಯಾರಾದ್ರೂ ನಿನ್ನ ಹೆಸರು ಕೇಳಿದ್ರೆ?"

"ಗೊತ್ತಿಲ್ಲ."

"ಯಾರನ್ನಾದ್ರೂ ತೋರಿಸಿ, ಇವರು ಯಾರಮ್ಮಾ, ನಿಂಗೆ ಗೊತ್ತಾ ಅಂದ್ರೆ?"

"ಗೊತ್ತಿಲ್ಲ!" ಎಂದು ಪುಟ್ಟಿ ಅಂಗೈ ನೀಡಿದಳು. ಅನುಮಾನಪ್ಪ ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಅದರ ಮೇಲಿಟ್ಟ. ಸರಿಯುತ್ತರಕ್ಕೆ ಒಂದು ಬಿಸ್ಕತ್ತು, ಅದು ಆ ಮನೆಯ ಕ್ರಮ.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಏಳು ಡೇಕೇರ್‌ಗಳ ಹೆಸರಿತ್ತು. ಆರನ್ನು ಅನುಮಾನಪ್ಪ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಕಾರಣ ಬರೆದಿದ್ದ. "ಗೇಟು ಶಬ್ದ ಮಾಡುವುದಿಲ್ಲ." "ಆಯಾ ಅತಿಯಾಗಿ ನಗುತ್ತಾಳೆ." "ಆಯಾ ನಗುವುದೇ ಇಲ್ಲ." "ಗೋಡೆಗೆ ಹೊಸ ಬಣ್ಣ. ಏನನ್ನು ಮುಚ್ಚಲು?" ಇತ್ಯಾದಿ.

"ನೋಡಿ, ಇವತ್ತು ಶುಕ್ರವಾರ," ಎಂದಳು ಅವಳು. "ಮೂರು ವರ್ಷ ಮನೇಲಿದ್ದು, ಈ ವಾರ ತಾನೇ ಆಸ್ಪತ್ರೆ ಲ್ಯಾಬಿಗೆ ವಾಪಸ್ ಸೇರಿದೀನಿ. ಕೆಳಗಿನ ಟೈಲರಕ್ಕ ಪುಟ್ಟೀನ ನೋಡ್ಕೊಂಡ್ರು ಸರಿ, ನಾಳೆ ಅವರು ಮಗಳ ಹೆರಿಗೆಗೆ ಊರಿಗೆ ಹೋಗ್ತಾರೆ. ಈ ಏಳನೇದನ್ನ ಇವತ್ತು ಹೋಗಿ ನೋಡಿ. ಸಂಜೆ ಒಳಗೆ ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ. ಊಹೂಂ ಅಂದ್ರೆ ನಾಳೆಯಿಂದ ಒಬ್ಬರು ಕೆಲಸ ಬಿಡಬೇಕು. ಅದು ನಾನಂತೂ ಅಲ್ಲ."

ಅನುಮಾನಪ್ಪ ಏಳನೆಯ ಹೆಸರಿನ ಕೆಳಗೊಂದು ಗೆರೆ ಎಳೆದ. "ನೋಡ್ತೀನಿ. ನನ್ನ ರೀತೀಲಿ ನೋಡ್ತೀನಿ. ಅಂದ ಹಾಗೆ, ಈ ವಾರದ ಗುಟ್ಟಿನ ಮಾತು ನೆನಪಿದೆಯಾ?"

ಅವಳು ನಿಟ್ಟುಸಿರಿಟ್ಟಳು. "ಹಿತ್ತಾಳೆ ಚಮಚ."

"ಶಹಬ್ಬಾಸ್. ಯಾರೋ ಫೋನ್ ಮಾಡಿ, ನಿಮ್ಮ ಗಂಡ ಸಿಕ್ಕಿಹಾಕ್ಕೊಂಡಿದಾನೆ, ಓಡಿ ಬನ್ನಿ ಅಂತಾರೆ. ನನ್ನ ದನೀನೇ ಕೇಳಿಸ್ತಾರೆ. ಈಗ ದನೀನೂ ಹಾಗೇ ನಕಲು ಮಾಡೋಕೆ ಬರುತ್ತೆ. ಗುಟ್ಟಿನ ಮಾತು ಹೇಳ್ದೇ ಹೋದ್ರೆ?"

"ಫೋನಿಡಬೇಕು. ನಂಬರು ಪೊಲೀಸಿಗೆ ಕೊಡಬೇಕು. ಗೊತ್ತು ಮಾರಾಯರೇ, ಹೊರಡಿ."

ಕೆಳಗೆ ಟೈಲರಕ್ಕ ಹೊಲಿಗೆಯಂತ್ರದ ಮುಂದೆ ಕೂತಿರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಪುಟ್ಟಿಯನ್ನು ಇಸಿದುಕೊಂಡು, "ನೀನು ಹೊರಡು ತಮ್ಮಾ, ಹೊತ್ತಾಯ್ತು ನಿಂಗೆ," ಎಂದಳು.

"ನೀವೆಲ್ಲಿಗೋ ಹೊರಟ ಹಾಗಿದೆ?"

"ನಾನಾ? ಅಯ್ಯೋ, ಇಲ್ಲಪ್ಪಾ. ಚಪ್ಪಲಿ ಬಿಗಿಯಾಗಿತ್ತು, ಸಡಿಲ ಆಗ್ಲಿ ಅಂತ ಹಾಕ್ಕೊಂಡು ನಿಂತೆ."

ಅನುಮಾನಪ್ಪ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಅವಳು ಕೈಬೀಸಿದಳು. ಇದನ್ನು ಸಂಜೆ ವಿಚಾರಿಸಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಅರ್ಧ ದಿನ ಕಚೇರಿಯಲ್ಲಿ ಕಳೆದು, ಮಿಕ್ಕರ್ಧಕ್ಕೆ ರಜೆ ಬರೆದ. ತಪಾಸಣೆಗೆ ಹೋಗುವಾಗ ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುವುದು ಅವನ ಪದ್ಧತಿ. ಫೋನು ಜೊತೆಗಿದ್ದರೆ ಹೋದಲ್ಲೆಲ್ಲ ಯಾರೋ ನೋಡುತ್ತಿರುತ್ತಾರೆಂಬುದು ಅವನ ನಂಬಿಕೆ. ಬೀರುವಿನಿಂದ ನೀಲಿ ಅಂಗಿ, ಟೋಪಿ, ಒಂದು ತಿರುಪುಳಿ ಮತ್ತು ಇಕ್ಕಳ ತೆಗೆದು ರಿಪೇರಿಯವನ ವೇಷ ತೊಟ್ಟ. ಏನನ್ನು ರಿಪೇರಿ ಮಾಡುವವನು ಎಂಬುದನ್ನು ಅಲ್ಲಿಗೆ ಹೋದಮೇಲೆ ನೋಡಿಕೊಳ್ಳುವುದೆಂದು ಹೊರಟ.

ಡೇಕೇರ್ ಒಂದು ಹಳೆಯ ಮನೆಯಲ್ಲಿತ್ತು. ಮುಂದೆ ಮರಳಿನ ಗುಂಡಿ, ಮಗುಚಿ ಬಿದ್ದ ಮೂರು ಗಾಲಿಯ ಸೈಕಲ್ಲು, ಹಗ್ಗದ ಮೇಲೆ ಸಾಲಾಗಿ ಪುಟಾಣಿ ಚಡ್ಡಿಗಳು. ಗೇಟು ಮುಟ್ಟಿದ್ದೇ ತಡ ಕಿರ್ರೆಂದು ಕೂಗಿತು. ಒಂದು ಅಂಕ ಕೊಡಬಹುದು ಎಂದುಕೊಳ್ಳುವಷ್ಟರಲ್ಲಿ ಆಯಾ ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು.

"ನಿನ್ನೆ ಬಾ ಅಂದ್ರೆ ಇವತ್ತು ಬಂದ್ಯಾ? ಮಕ್ಕಳು ಕಾಯಿಸಿದ ನೀರು ಕುಡೀತಿದಾವೆ ಎರಡು ದಿನದಿಂದ. ನಡಿ ಒಳಗೆ, ಫಿಲ್ಟರು ಅಡುಗೆಮನೇಲಿದೆ."

ಹೀಗೆ ಅನುಮಾನಪ್ಪ ನೀರಿನ ಫಿಲ್ಟರಿನ ಮೆಕ್ಯಾನಿಕ್ಕಾದ.

ಅಡುಗೆಮನೆ ಸ್ವಚ್ಛವಾಗಿತ್ತು. ಸ್ವಚ್ಛವಾಗಿರುವುದೇ ಅವನಿಗೆ ಸರಿಬರಲಿಲ್ಲ. ಆಯಾ ಅತ್ತ ಹೋದೊಡನೆ ಕಿಸೆಯ ಪುಸ್ತಕ ತೆಗೆದು ಹಿಂಬಾಗಿಲಿನ ಒಂದು ನಕ್ಷೆ ಗೀಚಿದ. ಡಬ್ಬಗಳನ್ನು ಒಂದೊಂದಾಗಿ ತೆರೆದು ಮೂಸಿದ. ಅಕ್ಕಿಯ ಡಬ್ಬದಲ್ಲಿ ಒಂದು ಮೊಬೈಲು ಹೂತಿತ್ತು! ಮರ್ಯಾದಸ್ಥರು ಯಾರಾದರೂ ಅಕ್ಕಿಯೊಳಗೆ ಫೋನು ಬಚ್ಚಿಡುತ್ತಾರೆಯೇ?

"ಏನಮ್ಮಾ ಇದು?" ಹಿಂದಿರುಗಿದ ಆಯಾಳನ್ನು ಕೇಳಿಯೇಬಿಟ್ಟ.

"ಮೇಡಮ್ಮಿನ ಫೋನು. ಬೆಳಿಗ್ಗೆ ಒಂದು ಮಗು ಅದಕ್ಕೆ ಸ್ನಾನ ಮಾಡಿಸ್ತು ಬಕೆಟ್ಟಲ್ಲಿ. ಒಣಗ್ಲಿ ಅಂತ ಇಟ್ಟಿದೀವಿ. ನಿಂಗ್ಯಾಕೆ? ನೀನು ನಿನ್ನ ಫಿಲ್ಟರು ನೋಡು."

ನೋಡದೆ ವಿಧಿಯಿರಲಿಲ್ಲ. ಅನುಮಾನಪ್ಪ ತಿರುಪುಳಿಯಿಂದ ಕಂಡ ಕಂಡ ತಿರುಪನ್ನೆಲ್ಲ ಬಿಚ್ಚಿದ. ಹತ್ತು ನಿಮಿಷದಲ್ಲಿ ಫಿಲ್ಟರು ನೆಲದ ಮೇಲೆ ಮೂವತ್ತು ತುಂಡಾಗಿ ಹರಡಿತು. ಎಲ್ಲಿಂದಲೋ ಒಂದು ಕೊಳವೆ ಹಾವಿನಂತೆ ತಲೆಯೆತ್ತಿ ಅವನ ಮುಖಕ್ಕೆ ನೀರು ಉಗಿದು ಸುಮ್ಮನಾಯಿತು. ಮೂವತ್ತು ತುಂಡುಗಳನ್ನು ಮತ್ತೆ ಜೋಡಿಸಿದಾಗ ಫಿಲ್ಟರಾಗಲಿಲ್ಲ. ಕೈಯಲ್ಲಿ ಒಂಬತ್ತು ತುಂಡು ಉಳಿದವು. ಅವನ್ನು ಮೆಲ್ಲಗೆ ಸಿಂಕಿನ ಕೆಳಗೆ ದಬ್ಬಿದ.

ಅಷ್ಟರಲ್ಲಿ ಮನೆ ಒಮ್ಮೆಲೇ ಸ್ತಬ್ಧವಾಯಿತು. ಇಷ್ಟು ಹೊತ್ತೂ ಮುಂಗೋಣೆಯಲ್ಲಿ ಸಂತೆಯಷ್ಟು ಗದ್ದಲವಿತ್ತು. ಈಗ ನೊಣ ಹಾರಿದರೂ ಕೇಳಿಸುವಂತಿತ್ತು. ಆಯಾ ಬಂದು ತುಟಿಯ ಮೇಲೆ ಬೆರಳಿಟ್ಟಳು. "ಮಲಗೋ ಹೊತ್ತು. ಮೂರು ಗಂಟೆವರೆಗೂ ಒಂದು ಸದ್ದು ಮಾಡಕೂಡದು. ಇಲ್ಲೇ ಬಾಗಿಲ ಹಿಂದೆ ಚಾಪೆ ಇದೆ, ಕೂತಿರು."

ಅನುಮಾನಪ್ಪ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟ. ಕಿಟಕಿಗಳಿಗೆ ಪರದೆ ಎಳೆದಿದ್ದರು. ನಸುಗತ್ತಲಲ್ಲಿ ಸಾಲಾಗಿ ಹನ್ನೆರಡು ಚಾಪೆ. ಮಕ್ಕಳ ತಲೆ ಆಚೆಗೆ, ಕಾಲು ಈಚೆಗೆ. ಅವನಿಗೆ ಕಾಣುತ್ತಿದ್ದದ್ದು ಇಪ್ಪತ್ತನಾಲ್ಕು ಅಂಗಾಲು ಮಾತ್ರ. ಒಂದೂ ಅಲುಗುತ್ತಿರಲಿಲ್ಲ.

ಮನೆಯಲ್ಲಿ ಪುಟ್ಟಿಯನ್ನು ಮಲಗಿಸಲು ಗಂಡ ಹೆಂಡತಿ ಇಬ್ಬರೂ ಸೇರಿ ಎರಡು ತಾಸು ಬೆವರು ಹರಿಸಬೇಕು. ಇಲ್ಲಿ ಹನ್ನೆರಡು ಮಕ್ಕಳು ಏಕಕಾಲಕ್ಕೆ! ಇದು ಸಹಜವಲ್ಲ. ಹಾಲಿನಲ್ಲಿ ಏನೋ ಇದೆ. ಕಟ್ಟೆಯ ಮೇಲೆ ಹನ್ನೆರಡು ಲೋಟಗಳಿದ್ದವು, ತಳದಲ್ಲಿ ಗುಟುಕು ಗುಟುಕು ಹಾಲು ಉಳಿದಿತ್ತು. ಹೆಂಡತಿಯ ಲ್ಯಾಬಿನಲ್ಲಿ ಪರೀಕ್ಷೆಗೆಂದು ಅದನ್ನೆಲ್ಲ ಒಂದು ಸಣ್ಣ ಸೀಸೆಗೆ ಬಸಿದು ಜೇಬಿಗಿಳಿಸಿದ. ಸ್ವಂತ ಅನುಭವಕ್ಕೆ ಒಂದು ಗುಟುಕು ಕುಡಿದೂ ನೋಡಿದ. ಚಾಪೆಯ ಮೇಲೆ ಕೂತು ಪುಸ್ತಕದಲ್ಲಿ ಬರೆದ: "ಒಂದೂ ಹತ್ತು. ಮಕ್ಕಳು ಹನ್ನೆರಡು. ಯಾರಿಗೂ ಪ್ರಜ್ಞೆ ಇಲ್ಲ." ಮತ್ತೊಮ್ಮೆ ಇಣುಕಿ, ಬರೆದ: "ಒಂದು ಮಗುವಿನ ಕಾಲಿಗೆ ಬೇರೆ ಬೇರೆ ಕಾಲುಚೀಲ. ಹೆತ್ತವರು ಬೇಜವಾಬ್ದಾರರು."

ಆಗ ದನಿ ಕೇಳಿಸಿತು. ಡೇಕೇರ್ ನಡೆಸುವ ಮೇಡಂ ಮಕ್ಕಳ ನಡುವೆ ಸಣ್ಣ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಪದ್ಯ ಹೇಳುತ್ತಿದ್ದರು. ಹಾಡಲ್ಲ ಅದು, ಬರಿಯ ಓದೂ ಅಲ್ಲ. ಒಂದೊಂದು ಸಾಲನ್ನೂ ಎಳೆದು, ತೂಗಿ, ನೆಲಕ್ಕಿಳಿಸಿ, ಬೇರೆ ಸಾಲನ್ನೆತ್ತಿಕೊಳ್ಳುತ್ತಿದ್ದರು.

"ಬಾನ ಬಯಲಲಿ ಬಿಳಿಯ ಕುದುರೆಗಳು ನಿಂತಿಹವು
ಬಾಲವಲುಗದ ಹಾಗೆ, ಕಾಲ ಸಪ್ಪಳವಿರದೆ..."

ಅನುಮಾನಪ್ಪನಿಗೆ ಏನೋ ಆಯಿತು. ಬಾಲ್ಯದಲ್ಲಿ ಅಜ್ಜಿಯ ಪಕ್ಕ ಕೂತು ಕೇಳಿದ, ಅರ್ಥವಾಗದೆಯೂ ಮೈಮೇಲೆ ಕೈಯಾಡಿಸುತ್ತಿದ್ದ ಸಾಲುಗಳ ನಡಿಗೆ ಅದರಲ್ಲಿತ್ತು. ಕುದುರೆಗಳು ಯಾಕೆ ಅಲುಗುತ್ತಿಲ್ಲ, ಇದನ್ನು ವಿಚಾರಿಸಬೇಕು ಎಂದುಕೊಂಡ. ಮೂರನೆಯ ಸಾಲಿಗೆ ಪೆನ್ನು ಜಾರಿತು. ನಾಲ್ಕನೆಯದು ಅವನಿಗೆ ಕೇಳಿಸಲಿಲ್ಲ.

"ಯಾರಿವನು?"

ಕಣ್ಣುಬಿಟ್ಟಾಗ ಬೆಳಕಿತ್ತು. ಗದ್ದದವರೆಗೆ ಬಾತುಕೋಳಿಯ ಚಿತ್ರವಿದ್ದ ಪುಟ್ಟ ಹೊದಿಕೆ ಹೊದಿಸಿದ್ದರು. ಮಂಡಿಯಿಂದ ಕೆಳಗಿನ ಕಾಲು ಹೊರಗಿತ್ತು. ಸುತ್ತ ಮೇಡಂ, ಪೊರಕೆ ಹಿಡಿದ ಆಯಾ, ಕೈಚೀಲ ಹಿಡಿದ ಇನ್ನೊಬ್ಬ ಆಸಾಮಿ.

"ನಾನು ಫಿಲ್ಟರ್ ಮೆಕ್ಯಾನಿಕ್ಕು," ಎಂದ ಆಸಾಮಿ ಸಿಂಕಿನ ಕೆಳಗಿನ ಒಂಬತ್ತು ತುಂಡುಗಳನ್ನು ಬೊಗಸೆಯಲ್ಲಿ ಹಿಡಿದು. "ಇದನ್ನ ಬಿಚ್ಚಿರೋ ಈ ಮಹಾನುಭಾವ ಯಾರೋ ನಂಗೊತ್ತಿಲ್ಲ. ಆದ್ರೆ ನಮ್ಮ ಕಸುಬಿನವನಲ್ಲ, ಅಷ್ಟು ಬರೆದುಕೊಡ್ತೀನಿ."

ಮೇಡಂ ಅವನ ಕಿಸೆಯ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು. ಹಿಂಬಾಗಿಲಿನ ನಕ್ಷೆ. ಮಕ್ಕಳು ಹನ್ನೆರಡು. ಯಾರಿಗೂ ಪ್ರಜ್ಞೆ ಇಲ್ಲ. ಆಯಾ ಅವನ ಜೇಬಿಗೆ ಕೈಹಾಕಿ ಹಾಲಿನ ಸೀಸೆಯನ್ನೂ ಅರ್ಧ ಪೊಟ್ಟಣ ಬಿಸ್ಕತ್ತನ್ನೂ ತೆಗೆದಳು.

"ಅಯ್ಯಯ್ಯೋ, ಬಿಸ್ಕತ್ತು! ಮಕ್ಕಳ ಕಳ್ಳ ಮೇಡಂ ಇವ್ನು!"

"ಮಕ್ಕಳ ಕಳ್ಳ ಹೀಗೆ ಗೊರಕೆ ಹೊಡೀತಾನೇನು?" ಎಂದ ಮೆಕ್ಯಾನಿಕ್ಕು.

"ಕದಿಯೋಕೆ ಬಂದು ದಣಿದಿರಬೇಕು."

ಅನುಮಾನಪ್ಪ ಎದ್ದು ಕೂತ. "ನೋಡಿ, ನಾನು ಮರ್ಯಾದಸ್ಥ. ನನಗೂ ಒಬ್ಬಳು ಮಗಳಿದಾಳೆ, ಅವಳನ್ನ ಇಲ್ಲಿ ಸೇರಿಸ್ಬೇಕೋ ಬೇಡ್ವೋ ಅಂತ..." ಮಾತು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಹನ್ನೊಂದು ಮಕ್ಕಳು ಅವನನ್ನು ನೋಡುತ್ತಾ ನಿಂತಿದ್ದವು. ಹನ್ನೆರಡನೆಯದು ಒಂದು ಕಾಲಲ್ಲಿ ಹಳದಿ, ಒಂದು ಕಾಲಲ್ಲಿ ನೀಲಿ ಪಟ್ಟೆ ತೊಟ್ಟುಕೊಂಡು ಎಲ್ಲರಿಗಿಂತ ಮುಂದೆ ನಿಂತಿತ್ತು.

"ಪುಟ್ಟೀ!" ಎಂದು ಕಿರುಚಿದ. "ಇವಳೇ! ಇವಳೇ ನನ್ನ ಮಗಳು! ನೀನು ಇಲ್ಲಿಗೆ ಹೇಗೆ ಬಂದೆ? ಯಾರು ತಂದ್ರು?"

ಮೇಡಂ ಹುಬ್ಬೇರಿಸಿದರು. "ಸೋಮವಾರದಿಂದ ಬರ್ತಿದೆ ಈ ಮಗು. ನೀವು ಅಪ್ಪ, ನಿಮಗೇ ಗೊತ್ತಿಲ್ಲ?" ಮತ್ತೆ ಪುಟ್ಟಿಯ ಎದುರು ಮಂಡಿಯೂರಿ, ಮೃದುವಾಗಿ ಕೇಳಿದರು: "ಹೆದರ್ಬೇಡ ಕಂದಾ. ನೋಡು, ಇವರು ಯಾರು, ನಿಂಗೆ ಗೊತ್ತಾ?"

ಅನುಮಾನಪ್ಪ ಎರಡೂ ಕೈ ಆಡಿಸಿದ. "ಬೇಡ ಪುಟ್ಟಿ, ಇವತ್ತು ಬೇಡ..."

ಪುಟ್ಟಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಗೊತ್ತಿಲ್ಲ!" ಎಂದು ಗಟ್ಟಿಯಾಗಿ ಹೇಳಿ, ಹೆಮ್ಮೆಯಿಂದ ಅವನತ್ತ ಅಂಗೈ ನೀಡಿದಳು.

"ನೋಡಿದ್ರಾ ಮೇಡಂ!" ಆಯಾ ಪೊರಕೆ ಎತ್ತಿದಳು. "ಬಿಸ್ಕತ್ತಿನ ಆಸೆ ಆಗ್ಲೇ ತೋರಿಸಿಬಿಟ್ಟಿದಾನೆ ಮಗೂಗೆ!"

ಮೇಡಂ ದಾಖಲೆಯ ಪುಸ್ತಕ ತಂದರು. ಮಗುವನ್ನು ಕರೆದುಕೊಂಡು ಹೋಗಬಹುದಾದವರು: ತಾಯಿ, ಟೈಲರಕ್ಕ. ಇಬ್ಬರದೂ ಭಾವಚಿತ್ರವಿತ್ತು. ತಂದೆಯ ಕಾಲಂ ಖಾಲಿ. "ಖಾಲಿ ಯಾಕೆ ಬಿಟ್ರಿ ಅಂತ ಆ ತಾಯೀನ ಕೇಳಿದೆ. ಅವರ ಫೋಟೋ ಕೇಳಿದ್ರೆ ಯಾಕೆ, ಎಲ್ಲಿಗೆ, ಯಾರು ಕೇಳಿದ್ದು ಅಂತ ವಿಚಾರಿಸೋಕೇ ಮೂರು ದಿನ ಆಗುತ್ತೆ ಮೇಡಂ, ಆಮೇಲೆ ಕೊಡ್ತೀನಿ ಅಂದ್ರು. ಅಂಥ ಮನುಷ್ಯ ಬಂದು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ ಅಂದ್ರೆ ನಾನು ನಂಬ್ಬೇಕಾ?"

"ಅವಳಿಗೇ ಫೋನ್ ಮಾಡಿ! ಈಗಲೇ ಮಾಡಿ!"

ಮೇಡಮ್ಮಿನ ಫೋನು ಇನ್ನೂ ಅಕ್ಕಿಯಲ್ಲೇ ಇತ್ತು. ಆಯಾಳ ಫೋನಿನಿಂದ ಕರೆ ಹೋಯಿತು. ಸ್ಪೀಕರ್ ಹಾಕಿದರು.

"ನೋಡಿ ಅಮ್ಮಾ, ನಿಮ್ಮ ಗಂಡ ಅಂತ ಒಬ್ಬರು ನಮ್ಮ ಹತ್ರ ಸಿಕ್ಕಿಹಾಕ್ಕೊಂಡಿದಾರೆ. ನೀವು ಸ್ವಲ್ಪ ಓಡಿ ಬರ್ಬೇಕು."

ಆ ಕಡೆಯಿಂದ ಹೆಂಡತಿಯ ದನಿ ಕತ್ತರಿಯ ಹಾಗೆ ಬಂತು. "ಓಹೋ. ಬಂತಾ ಫೋನು? ಯಾರು ನೀವು?"

"ಡೇಕೇರಿಂದ..."

"ಡೇಕೇರ್ ನಂಬರು ನನ್ನ ಹತ್ರ ಇದೆ, ಇದಲ್ಲ ಅದು."

"ಏ, ನಾನೇ ಕಣೇ!" ಅನುಮಾನಪ್ಪ ಫೋನಿನ ಮೇಲೆ ಬಿದ್ದ. "ನನ್ನ ದನಿ ಗೊತ್ತಾಗ್ತಿಲ್ವಾ?"

"ದನಿ ಚೆನ್ನಾಗೇ ನಕಲು ಮಾಡಿದೀರಿ. ಹೀಗೇ ಮಾಡ್ತಾರೆ ಅಂತ ನಮ್ಮವರು ಬೆಳಿಗ್ಗೆ ಕೂಡ ಹೇಳಿದ್ರು. ಗುಟ್ಟಿನ ಮಾತು ಹೇಳಿ."

ವಾರಕ್ಕೊಂದರಂತೆ ಎರಡು ವರ್ಷದಿಂದ ಬದಲಾಯಿಸಿದ ಮಾತುಗಳೆಲ್ಲ ಅವನ ತಲೆಯೊಳಗೆ ಜಾತ್ರೆ ನೆರೆದವು. "ಕೆಂಪು ಕೊಡೆ!"

"ತಪ್ಪು."

"ಅದು ಹೋದ ವಾರದ್ದು... ತಾಳು... ಮೂರು ನೆಲ್ಲಿಕಾಯಿ! ಕಂಚಿನ... ಕಂಚಿನ ಏನೋ!"

"ನಾಚಿಕೆ ಆಗ್ಬೇಕು ನಿಮಗೆ," ಎಂದು ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ.

ಮೇಡಂ ಮುಖದಲ್ಲಿ ಮೊದಲ ಬಾರಿಗೆ ಕರುಣೆ ಕಾಣಿಸಿತು. "ಹೆಂಡತೀನೂ ಅಲ್ಲ ಅಂದ್ರು. ಇನ್ನು ಪೊಲೀಸರೇ ಗತಿ." ಅವನು ಮಲಗಿದ್ದಾಗ ಆಯಾ ತೆಗೆದಿದ್ದ ಫೋಟೋವನ್ನು ಮಕ್ಕಳ ಚಿತ್ರ ಮುದ್ರಿಸುವ ಯಂತ್ರದಲ್ಲಿ ಆಗಲೇ ದೊಡ್ಡದಾಗಿ ತೆಗೆದಿದ್ದರು. ತೆರೆದ ಬಾಯಿ, ಗದ್ದದ ಕೆಳಗೆ ಬಾತುಕೋಳಿ. ಕೆಳಗೆ ಮೇಡಂ ದಪ್ಪಕ್ಷರದಲ್ಲಿ ಬರೆದರು: "ಈ ವ್ಯಕ್ತಿಯ ಕೈಗೆ ಯಾವ ಮಗುವನ್ನೂ ಕೊಡಬಾರದು." ಆಯಾ ಅದನ್ನು ಗೇಟಿನ ಪಕ್ಕದ ಹಲಗೆಗೆ ಅಂಟಿಸಿ ಬಂದಳು.

ಮೇಡಂ ಆಯಾಳ ಫೋನಿನಲ್ಲಿ ಠಾಣೆಯ ನಂಬರು ಹುಡುಕುತ್ತಿರುವಾಗ ಗೇಟು ಕಿರ್ರೆಂದಿತು. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡು, ಏದುಸಿರು ಬಿಡುತ್ತಾ ಟೈಲರಕ್ಕ ನುಗ್ಗಿದಳು. "ಪುಟ್ಟಿ ಎಲ್ಲಿ? ಅವರಮ್ಮ ಫೋನ್ ಮಾಡಿ ಅಳ್ತಿದಾಳೆ, ಯಾರೋ ಖದೀಮರು ಡೇಕೇರ್ ಹೆಸರೇಳ್ತಿದಾರಂತೆ, ಮೇಡಂ ಫೋನೂ ಹೋಗ್ತಿಲ್ವಂತೆ, ಹೋಗಿ ಮಗೂನ ಕರ್ಕೊಂಡ್ಬಾ ಅಂತ..." ಚಾಪೆಯ ಮೇಲಿದ್ದವನನ್ನು ಕಂಡು ಅವಳ ಟೇಪು ಕೆಳಗೆ ಬಿತ್ತು. "ಅಯ್ಯೋ ಶಿವನೇ! ಇದು ನಮ್ಮ ಅನುಮಾನಪ್ಪ!"

ಆ ಹೆಸರನ್ನು ಅವನು ಮೊದಲ ಸಲ ಕಿವಿಯಾರೆ ಕೇಳಿದ್ದು. ಆದರೂ ಅದಕ್ಕಿಂತ ಸಿಹಿಯಾದ ಮಾತು ಅವನಿಗೆ ಆ ದಿನ ಬೇರೊಂದಿರಲಿಲ್ಲ.

ಮೇಡಂ ದಾಖಲೆಯಲ್ಲಿ ಟೈಲರಕ್ಕನ ಸಹಿ ಪಡೆದರು. "ಇಲ್ಲಿ ಚಾಪೆ ಮೇಲೆ ಮಲಗಿ ಎದ್ದವರು ಯಾರೇ ಇರ್ಲಿ, ಸಹಿ ಇಲ್ದೆ ಬಿಡಲ್ಲ," ಎಂದು ಬರೆದುಕೊಂಡರು: ಮಗು ಒಂದು. ತಂದೆ ಒಂದು.

"ಆ ಫೋಟೋ..." ಅನುಮಾನಪ್ಪ ಗೇಟಿನತ್ತ ಬೆರಳು ಮಾಡಿದ.

"ತೆಗೆಯಲ್ಲ. ತಾಯಿ ಬಂದು, ಎದುರು ನಿಂತು, ಇವರೇ ಅಂತ ಹೇಳ್ಬೇಕು. ಬಾಯಿಮಾತು ನಾನು ನಂಬಲ್ಲ."

ದಾರಿಯಲ್ಲಿ ಟೈಲರಕ್ಕ ಎಲ್ಲ ಹೇಳಿದಳು. ಕತ್ತರಿ, ಗುಂಡಿ, ಸೂಜಿಗಳ ನಡುವೆ ಪುಟ್ಟಿಯನ್ನು ಹಿಡಿಯುವುದು ಅರ್ಧ ದಿನಕ್ಕೇ ಸಾಕಾಗಿತ್ತು. ಪುಟ್ಟಿಯ ಅಮ್ಮನಿಗೆ ಹೇಳಿ ಸೋಮವಾರವೇ ಡೇಕೇರಿಗೆ ಸೇರಿಸಿದ್ದು. "ನಿಂಗೆ ಹೇಳಿದ್ರೆ ಇದನ್ನೂ ಕೆಂಪಲ್ಲಿ ಹೊಡೀತಿದ್ದೆ. ನೀನಾಗೇ ನೋಡಿ ಹೂಂ ಅನ್ಲಿ ಅಂತ ಅವಳು ಕಾಯ್ತಿದ್ಲು ಪಾಪ."

"ಅಕ್ಕಾ, ಇವತ್ತಿನದು ಅವಳಿಗೆ ಗೊತ್ತಾಗೋದು ಬೇಡ."

"ನಾಳೆ ಬೆಳಿಗ್ಗೆ ಏಳಕ್ಕೆ ನನ್ನ ಬಸ್ಸು. ಪುಟ್ಟಿ ಸುರಕ್ಷಿತ ಅಂತ ಅಷ್ಟೇ ಹೇಳ್ತೀನಿ. ಆಮೇಲಿನದು ನಿನ್ನ ಹಣೆಬರಹ."

ಸಂಜೆ ಆರಕ್ಕೆ ಹೆಂಡತಿ ಬಂದಳು. ಚೀಟಿಯನ್ನು ಅವನ ಮುಂದಿಟ್ಟಳು. "ಏನಾಯ್ತು? ಹೂಂ ನಾ, ಊಹೂಂ ನಾ?"

ಅನುಮಾನಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಕಿರುಗುಟ್ಟುವ ಗೇಟು. ಬಾಯಿಮಾತಿಗೆ ಕಿವಿಗೊಡದ ಮೇಡಂ. ಹೆತ್ತಪ್ಪನನ್ನೂ ನಂಬದ ಪುಸ್ತಕ. ಏಳು ಕಡೆ ಅವನು ಹುಡುಕಿದ್ದೇ ಇದನ್ನು. "ಹೂಂ," ಎಂದ. "ಒಳ್ಳೇ ಜಾಗ. ಯಾರನ್ನೂ ನಂಬಲ್ಲ ಅವರು."

ಅವಳ ಕಣ್ಣು ತುಂಬಿ ಬಂತು. "ನಂಗೆ ಗೊತ್ತಿತ್ತು ರೀ! ಹಾಗಾದ್ರೆ ಕೇಳಿ. ನಾಳೆಯಿಂದ ನಂಗೆ ಬೆಳಿಗ್ಗೆ ಏಳಕ್ಕೇ ಪಾಳಿ. ಒಂಬತ್ತಕ್ಕೆ ಪುಟ್ಟೀನ ನೀವೇ ಬಿಟ್ಟು, ಐದಕ್ಕೆ ನೀವೇ ಕರ್ಕೊಂಡು ಬನ್ನಿ. ನೀವು ಹೋಗಿ ಮುಖ ತೋರಿಸಿದ್ರೆ ಸಾಕು, ಅಲ್ವಾ?"

"ಮುಖ," ಎಂದ ಅನುಮಾನಪ್ಪ, "ಆಗಲೇ ನೋಡಿದಾರೆ."

"ಇನ್ನೊಂದು ವಿಷಯ. ಇವತ್ತು ಬಂತು ರೀ ನೀವು ಹೇಳ್ತಿದ್ದ ಫೋನು! ಥೇಟ್ ನಿಮ್ಮದೇ ದನಿ. ಗುಟ್ಟಿನ ಮಾತು ಕೇಳಿದೆ, ನೆಲ್ಲಿಕಾಯಿ ಅಂತೆ, ಕೊಡೆ ಅಂತೆ, ಮುಠ್ಠಾಳ ಬಡಬಡಿಸಿದ. ನಂಬರು ಪೊಲೀಸಿಗೆ ಕೊಟ್ಟೆ. ಫೋನು ಇರೋ ಜಾಗ ಪತ್ತೆ ಹಚ್ಚಿದಾರಂತೆ, ನಾಳೆ ಒಂಬತ್ತಕ್ಕೆ ಸರಿಯಾಗಿ ಅಲ್ಲೇ ಹೋಗಿ ಹಿಡೀತಾರಂತೆ. ನೀವು ಕಲಿಸಿದ್ದು ಒಂದೂ ವ್ಯರ್ಥ ಆಗ್ಲಿಲ್ಲ ನೋಡಿ!"

ಅನುಮಾನಪ್ಪ ಪುಟ್ಟಿಯ ಎದುರು ನೆಲದ ಮೇಲೆ ಕೂತ. ಒಂಬತ್ತಕ್ಕೆ ಗೇಟು, ಗೇಟಿನ ಪಕ್ಕ ಅವನ ಚಿತ್ರ, ಚಿತ್ರದ ಮುಂದೆ ಪೊಲೀಸರು. ಅವನ ಪರವಾಗಿ ಸಾಕ್ಷಿ ಹೇಳಲು ಅಲ್ಲಿ ಇರುವವಳು ಒಬ್ಬಳೇ. ಅವಳನ್ನು ಹತ್ತಿರ ಎಳೆದುಕೊಂಡು, ಎರಡೂ ಭುಜ ಹಿಡಿದು, ಜೀವವನ್ನೆಲ್ಲ ದನಿಗೆ ತಂದುಕೊಂಡು ಕೇಳಿದ:

"ಪುಟ್ಟಿ, ಬಂಗಾರ, ಸರಿಯಾಗಿ ನೋಡಿ ಹೇಳಮ್ಮಾ. ನಾನು ಯಾರು?"

ಪುಟ್ಟಿ ಅಪ್ಪನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಅಂಗೈ ಚಾಚಿದಳು.